ಮಾವನ ಸ್ಲೈಡಿನಲ್ಲಿ ಕಂಡ ಕಂದು ಚುಕ್ಕೆಗಳು

ಇಂಥ ಅನುಭವಗಳನ್ನು ಯಾರಾದರೂ ಹೇಳತೊಡಗಿದರೆ, ಅರ್ಧದಲ್ಲೇ ತಡೆದು ‘ನಿದ್ದೆಗೆಟ್ಟಿದ್ದಿರಾ?’ ಎಂದು ಕೇಳುವವನು ನಾನು. ಈಗ ಆ ಪ್ರಶ್ನೆಯನ್ನು ನನಗೇ ಹಾಕಿಕೊಳ್ಳುತ್ತಿದ್ದೇನೆ. ಉತ್ತರ ಒಂದೊಂದು ದಿನ ಒಂದೊಂದು ಥರ ಬರುತ್ತದೆ.

ಜೀವಶಾಸ್ತ್ರ ಓದಿ ಚಾಮರಾಜನಗರದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ, ಗುಂಡ್ಲುಪೇಟೆ ಹತ್ತಿರದ ಹಂಗಳದಲ್ಲಿರುವ ನನ್ನ ಸೋದರಮಾವನಿಗೆ ಹೊಟ್ಟೆಯ ಕ್ಯಾನ್ಸರ್ ಆಯಿತು. ಮೈಸೂರಿನಲ್ಲಿ ಆಪರೇಷನ್ ಮಾಡಿ ಗಡ್ಡೆ ತೆಗೆದರು. ಕೀಮೋ ತೆಗೆದುಕೊಳ್ಳದಿದ್ದರೆ ಮತ್ತೆ ಬರುತ್ತದೆ ಎಂದರು. ಮಾವ ಒಪ್ಪಲಿಲ್ಲ.

“ಅರ್ಧ ಒಟ್ಟೆ ಕುಯ್ದು ಇಟ್ಕಂಡವ್ರೆ. ಇನ್ನರ್ಧಾನೂ ಔಸ್ತಿ ಉಯ್ದು ಸುಡ್ಬೇಕೇನ್ಲಾ ಅಳಿಯಾ? ಸಾಕು ಬುಡು.”

ಇನ್ನೊಬ್ಬ ಡಾಕ್ಟರಿಗೆ ತೋರಿಸೋಣವೆಂದು ಆ ಗಡ್ಡೆಯ ತೆಳುಪದರ ಅಂಟಿಸಿದ ಗಾಜಿನ ಸ್ಲೈಡನ್ನು ಮೈಸೂರಿನಿಂದ ತಂದಿದ್ದೆ. ಮುಂದೇನಾಗಬಹುದೆಂದು ಅಂದಾಜು ಮಾಡಲು ಕ್ಯಾನ್ಸರ್ ಕೋಶಗಳ ಮೇಲಿನ ಗುರುತುಗಳ ಜೊತೆಗೆ, ದೇಹದ ರಕ್ಷಣಾ ಕಣಗಳು ಅವನ್ನು ಎಷ್ಟು ಮುತ್ತಿವೆ ಎಂಬುದನ್ನೂ ನೋಡುತ್ತಾರೆ. ಆ ಸ್ಲೈಡಿನಲ್ಲಿ ಈ ಕಣಗಳಿಗೆ ಕಂದು ಬಣ್ಣ ಹಿಡಿಸಿದ್ದರು. ದಟ್ಟವಾಗಿದ್ದರೆ ಸಾಮಾನ್ಯವಾಗಿ ಒಳ್ಳೆಯ ಸೂಚನೆ.

ಒಂದು ಮಧ್ಯಾಹ್ನ ಮಾವ ಬಸ್ಸಿನಲ್ಲಿ ಬಂದರು. ಊಟದ ಹೊತ್ತು, ಲ್ಯಾಬಿನಲ್ಲಿ ನಾವಿಬ್ಬರೇ. ಸ್ಲೈಡನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಗಡ್ಡೆಯ ಅಂಚಿನುದ್ದಕ್ಕೂ ಕಂದು ಚುಕ್ಕೆಗಳು ಕಿಕ್ಕಿರಿದಿದ್ದವು. “ಇವೆಲ್ಲ ನಿಮ್ಮ ಕಡೆಯವು ಮಾವ” ಎಂದು ಹೇಳಿ ಅವರಿಗೂ ತೋರಿಸಿದೆ. ಬಹಳ ಹೊತ್ತು ಬಗ್ಗಿ ನೋಡಿದರು.

“ಜೋಳದ ಒಲಕ್ಕೆ ಆನೆ ನುಗ್ದಾಗ ನಾವು ಸುತ್ತ ನಿಂತ್ಕತೀವಲ್ಲ, ಅಂಗೇ ನಿಂತವ್ರೆ ಕಣ್ಲಾ! ಇಷ್ಟು ಜನ ಎದ್ದು ಬಂದಿರೋವಾಗ ನಾನೊಬ್ಬ ಮನೀಕಂಡ್ರೆ ಊರೋರು ಉಗೀತಾರೆ” ಎಂದು ನಕ್ಕರು. ಮರುವಾರ ಕೀಮೋಗೆ ಹೋದರು.

ಆಮೇಲೆ ಸ್ಲೈಡನ್ನು ಆ ಇನ್ನೊಬ್ಬ ಡಾಕ್ಟರಿಗೆ ಕಳಿಸಿದೆ. ಅವರ ವರದಿ ಬಂತು. ರಕ್ಷಣಾ ಕಣಗಳು ಇಲ್ಲವೆನ್ನುವಷ್ಟು ಕಡಿಮೆ. ಸ್ಲೈಡನ್ನು ವಾಪಸ್ ತಂದು ನೋಡಿದೆ. ಅದೇ ನಂಬರು, ಮೂಲೆಯಲ್ಲಿ ಅದೇ ಗಾಳಿಗುಳ್ಳೆ. ಗಡ್ಡೆಯ ಸುತ್ತ ಖಾಲಿ. ಬಣ್ಣ ಮಾಸಿತೆನ್ನೋಣವೆಂದರೆ, ಅಲ್ಲಲ್ಲಿದ್ದ ಒಂದೆರಡು ಚುಕ್ಕೆಗಳು ಗಾಢವಾಗಿಯೇ ಇದ್ದವು. ಮಾವನಿಗೆ ಹೇಳಿದರೆ ಚಿಕಿತ್ಸೆ ಬಿಡುತ್ತಾರೆಂದು ಸುಮ್ಮನಾದೆ. ಆಸೆಯಿಂದ ನನಗೆ ಹಾಗೆ ಕಂಡಿತು, ನಾನು ಹೇಳಿದ್ದರಿಂದ ಅವರಿಗೂ ಕಂಡಿತು ಎಂದು ಸಮಾಧಾನ ಮಾಡಿಕೊಂಡೆ.

ಮಾವ ಈಗ ಚೆನ್ನಾಗಿದ್ದಾರೆ. ಮೊನ್ನೆ ಹಂಗಳಕ್ಕೆ ಹೋದಾಗ ಎಲ್ಲವನ್ನೂ ಹೇಳಿದೆ.

“ಓಗ್ಲಾ, ನೀನೆಲ್ಲಿ ತೋರ್ಸ್ದೆ? ಮಿಶನ್ನು ಸರಿಮಾಡ್ಬುಟ್ಟು, ನೋಡೋಕ್ ಮುಂಚೇನೇ ಟೀ ತರಾಕೆ ಓದೆ. ನಾನೇ ಬಗ್ಗಿ ನೋಡ್ದೆ. ನೀ ಬಂದ್ಮೇಲೆ, ಯಾರ್ಲಾ ಇವ್ರೆಲ್ಲ ಅಂತ ನಾನೇ ನಿನ್ನ ಕೇಳ್ದೆ” ಎಂದರು.

ಟೀ ತರಲು ಹೋದ ನೆನಪು ನನಗಿರಲಿಲ್ಲ. ಅವರು ಹೇಳಿದ ಮೇಲೆ, ಬಿಸಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಂತೆ ಅನ್ನಿಸುತ್ತಿದೆ. ಅದು ನನ್ನ ನೆನಪೋ, ಅವರ ಮಾತೋ? ನಾನು ಮೊದಲು ನೋಡಿದ್ದರೆ ಅವರಿಗೆ ಕಂಡದ್ದಕ್ಕೆ ಕಾರಣ ಸಿಗುತ್ತದೆ. ಅವರು ಮೊದಲು ನೋಡಿದ್ದರೆ ನನಗೆ ಕಂಡದ್ದಕ್ಕೆ. ಮೊದಲು ನೋಡಿದವನಿಗೆ ಕಂಡದ್ದೇನು?

ಕೀಮೋದಿಂದ ಉಳಿದರು ಎನ್ನುತ್ತಾರೆ ಡಾಕ್ಟರು. ನಾನೂ ಒಪ್ಪುತ್ತೇನೆ. ಆದರೆ ಅವರನ್ನು ಕೀಮೋಗೆ ಕಳಿಸಿದ್ದು ಯಾರೆಂದು ಮಾತ್ರ ನನಗಿನ್ನೂ ತಿಳಿಯುತ್ತಿಲ್ಲ.