ಅರವತ್ಮೂರು ಸಲ ವೈರು ಕಿತ್ತ ರೂಪಾಲಿ

ಶ್ರಾವಣದ ಒಂದು ಬೆಳಗು, ಐದೂ ಮುಕ್ಕಾಲು. ಸೊಲ್ಲಾಪುರದ ಅಕ್ಕಲಕೋಟ ರಸ್ತೆಯಲ್ಲಿರುವ ಈ ಟಾವೆಲ್ ಕಾರ್ಖಾನೆಯಲ್ಲಿ ಮೊದಲ ಪಾಳಿಯ ಭೋಂಗಾ ಇನ್ನೂ ಕೂಗಿಲ್ಲ. ಮಗ್ಗಗಳ ಶೆಡ್ಡಿನ ಹಿಂದೆ, ಒಂದು ಕಾಲಕ್ಕೆ ನೂಲಿನ ಗಂಟು ಒಟ್ಟುತ್ತಿದ್ದ ಕಿಟಕಿಯಿಲ್ಲದ ಕೋಣೆ. ಅಲ್ಲಿ ರೂಪಾಲಿ ನೆಲಕ್ಕೆ ಮಂಡಿಯೂರಿ ಕೂತಿದ್ದಾರೆ. ಎಡಗೈಯಲ್ಲಿ ಮೊಬೈಲು, ಬಲಗೈ ಒಂದು ಕರಿ ವೈರಿನ ಮೇಲೆ. ಎದುರಿಗೆ ಮೊಣಕಾಲೆತ್ತರದ ಹಳೆಯ ಸರ್ವರ್ ಯಂತ್ರ ಹುಮ್ಮೆನ್ನುತ್ತಿದೆ.

"ಸ್ವಲ್ಪ ಹಿಂದ ಸರೀರಿ," ಎಂದು ಅವರ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ. ಹೇಳಿದವರೇ ವೈರು ಕಿತ್ತುಬಿಡುತ್ತಾರೆ.

ಯಂತ್ರ ತಟ್ಟನೆ ಸತ್ತುಹೋಗುತ್ತದೆ. ಹತ್ತರವರೆಗೆ ಬಾಯಲ್ಲೇ ಎಣಿಸಿ ಮತ್ತೆ ಚುಚ್ಚುತ್ತಾರೆ. ದೀಪ ಹಸಿರಾಗುತ್ತದೆ, ಪರದೆಯ ಮೇಲೆ ಬಿಳಿ ಅಕ್ಷರ ಹರಿಯತೊಡಗುತ್ತವೆ. ರೂಪಾಲಿ ಕಣ್ಣು ಮಿಟುಕಿಸುವುದಿಲ್ಲ. ಆರು ನಿಮಿಷ ನಲವತ್ತು ಸೆಕೆಂಡು. ಉದ್ದನೆಯ ನೋಟ್‌ಬುಕ್ಕಿನಲ್ಲಿ ದುಂಡು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಾರೆ: 'ಬಣ್ಣದ ಖೋಲಿ ಮೊದಲು ಎದ್ದಿತು.'

"ಐವತ್ತೆಂಟ ಆತು. ಇನ್ನ ಐದ ಉಳದಾವ."

ರೂಪಾಲಿಗೆ ಮೂವತ್ತಾರು ವರ್ಷ. ಈ ಕಾರ್ಖಾನೆಯ ಕಂಪ್ಯೂಟರುಗಳ ಹೊಣೆ ಏಳು ವರ್ಷದಿಂದ ಅವರದೇ. ಮುನ್ನೂರ ನಲವತ್ತು ಕೆಲಸಗಾರರ ಹೆಬ್ಬೆಟ್ಟಿನ ಹಾಜರಿ, ಮಗ್ಗಗಳ ಲೆಕ್ಕ, ಆರ್ಡರು, ಕ್ಯಾಮೆರಾ, ಬಣ್ಣದ ಮನೆಯಲ್ಲಿ ಬಣ್ಣ ಕಲಸುವ ಅಳತೆಗಳ ಪಾಕ, ಹೀಗೆ ಎಂಟು ಕೆಲಸಗಳು ಒಂದೇ ಯಂತ್ರದೊಳಗೆ ಬೇರೆ ಬೇರೆ ಎಂಟು ಯಂತ್ರಗಳ ಹಾಗೆ ನಡೆಯುತ್ತವೆ. ಹಾಗೆ ನಡೆಸುವ ತಂತ್ರಾಂಶಕ್ಕೆ ವರ್ಚುವಲೈಸೇಶನ್ ಎಂಬ ದೊಡ್ಡ ಹೆಸರಿದೆ. ರೂಪಾಲಿ ಅದನ್ನು ಹೇಳುವ ರೀತಿ ಬೇರೆ.

"ನಮ್ಮ ಗಿರಣಿ ಚಾಳ ನೋಡೀರಿಲ್ಲೋ? ಒಂದ ಕಟ್ಟಡ, ಎಂಟ ಖೋಲಿ. ಎಂಟೂ ಮಂದಿ ಬ್ಯಾರಿ ಬ್ಯಾರಿ ಒಲಿ ಹಚ್ಚತಾರ. ಒಬ್ಬರ ಮನ್ಯಾಗ ಹಾಲ ಉಕ್ಕಿದ್ರ ಬಾಜೂದವರಿಗಿ ತ್ರಾಸ ಆಗಬಾರದು. ನೀರು, ಲೈಟು ಯಾರಿಗಿ ಎಷ್ಟು ಅಂತ ಹಂಚಾಂವ ಒಬ್ಬ ಇರತಾನಲ್ರಿ? ಅಂವನ್ನ ಆರಸಾಕತ್ತೀನಿ."

ಆರಿಸಲು ಅವರು ಕಂಡುಕೊಂಡ ದಾರಿ ಈ ವೈರು. ಮೂರು ತಂತ್ರಾಂಶ ಪರೀಕ್ಷೆಯಲ್ಲಿವೆ. ಒಂದೊಂದನ್ನೂ, ಎಂಟೂ ಕೆಲಸಗಳ ನಕಲಿನ ಜೊತೆ, ಬಳಕೆಯಲ್ಲಿಲ್ಲದ ಈ ಹಳೆಯ ಯಂತ್ರಕ್ಕೆ ಹಾಕಿ, ಪಾಳಿ ಶುರುವಾಗುವ ಮುಂಚೆ ದಿನಕ್ಕೊಂದು ಸಲ ವೈರು ಕೀಳುವುದು. ಇಪ್ಪತ್ತೊಂದು ಬೆಳಗು ಒಂದಕ್ಕೆ. ಒಟ್ಟು ಅರವತ್ಮೂರು. ಯಾವ ಪುಸ್ತಕದಲ್ಲೂ ಹೀಗೆ ಮಾಡು ಎಂದು ಬರೆದಿಲ್ಲ. ಬರೆಯುವವರ ಊರಲ್ಲಿ ಕರೆಂಟು ಹೋಗುವುದಿಲ್ಲವೇನೋ.

ಇಷ್ಟೆಲ್ಲ ಮಾಡುವವರ ಸಂಬಳದ ಚೀಟಿಯಲ್ಲಿ ಹುದ್ದೆ ಏನೆಂದಿದೆ ಗೊತ್ತೇ? 'ಹೆಲ್ಪರ್, ಎಣಿಕೆ ವಿಭಾಗ.' ಪುಣೆಯಿಂದ ತಂತ್ರಾಂಶ ಮಾರಲು ಬರುವವರ ಕಾರಿಗೆ ಗೇಟಿನ ಎರಡೂ ಬಾಗಿಲು ತೆರೆಯುತ್ತವೆ. ರೂಪಾಲಿ ಮನೆಗೆ ಹೊರಟಾಗ ಊಟದ ಡಬ್ಬಿಯ ಚೀಲ ತೆರೆದು ತೋರಿಸಬೇಕು, ಒಳಗೆ ಟಾವೆಲ್ ಇದೆಯೋ ಎಂದು. ಇಡೀ ಕಾರ್ಖಾನೆಯ ಬೀಗದ ಕೈ ಅವರ ತಲೆಯಲ್ಲಿದೆ. ತಪಾಸಣೆ ಮಾತ್ರ ಡಬ್ಬಿಗೆ!

ಹುಟ್ಟೂರು ಅಕ್ಕಲಕೋಟ ತಾಲೂಕಿನ ತಡವಳ. ಮನೆಯಲ್ಲಿ ಜೋಳ, ತೊಗರಿಯ ಹೊಲ. ಏಳನೆಯವರೆಗೆ ಊರಲ್ಲೇ ಕನ್ನಡ ಸಾಲಿ, ಆಮೇಲೆ ಬಸ್ಸಿನಲ್ಲಿ ಅಕ್ಕಲಕೋಟೆಗೆ ಹೋಗಿ ಮರಾಠಿಯಲ್ಲಿ ಹತ್ತನೆಯದು. ಮುಂದೆ ಕಲಿತದ್ದು ಮೂರು ತಿಂಗಳ ಎಂಎಸ್-ಸಿಐಟಿ ಕಂಪ್ಯೂಟರ್ ಕೋರ್ಸು ಮಾತ್ರ. ಮದುವೆಯಾಗಿ ಹೋಟಗಿಗೆ ಬಂದರು. ಗಂಡ ಸೋಮೇಶ ರೈಲ್ವೆ ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿದ್ದಾರೆ. ನಸುಕಿನ ನಾಲ್ಕಕ್ಕೆ ಇಬ್ಬರೂ ಎದ್ದು, ಒಬ್ಬರು ಹಳಿಯ ಕಡೆ, ಇನ್ನೊಬ್ಬರು ಸ್ಕೂಟಿಯ ಮೇಲೆ ಕಾರ್ಖಾನೆಯ ಕಡೆ.

ಮೊದಲು ಸೇರಿದ್ದು ಟಾವೆಲ್ ಎಣಿಸುವ ಮೇಜಿಗೆ. ಹನ್ನೆರಡಕ್ಕೊಂದು ಕಟ್ಟು, ದಿನಕ್ಕೆ ಮುನ್ನೂರು ಕಟ್ಟು. ಕಂಪ್ಯೂಟರಿನವನು ಒಂದು ದಿನ ಹೇಳದೆ ಕೇಳದೆ ಪುಣೆಗೆ ಹೋದಾಗ, 'ಹೊಸಬ ಬರುವವರೆಗೆ ನೋಡಿಕೋ' ಎಂದು ಕೀಲಿ ಇವರ ಕೈಗೆ ಬಂತು. ಏಳು ವರ್ಷವಾಯಿತು. ಹೊಸಬ ಇನ್ನೂ ದಾರಿಯಲ್ಲಿದ್ದಾನೆ.

ಕಲಿತದ್ದು ಹೇಗೆ? ಇಂಗ್ಲಿಷ್ ಪುಸ್ತಕವನ್ನು ಮೊಬೈಲಿನಲ್ಲಿ ಮರಾಠಿಗೆ ತಿರುಗಿಸಿ, ಅರ್ಥವಾದದ್ದನ್ನು ಕನ್ನಡದಲ್ಲಿ ಬರೆದಿಟ್ಟುಕೊಂಡು. "ಮೂರ ಸಲ ಒಗದು ಹಿಂಡಿದಂಗ ಆಗತಿತ್ರಿ," ಎಂದು ನಗುತ್ತಾರೆ. "ಆದ್ರ ಮೂರ ಸಲ ಓದಿದ್ದು ಮರಿಯೂದಿಲ್ಲ."

ಈ ವೈರು ಕೀಳುವ ಹಟದ ಹಿಂದೆ ಎರಡು ವರ್ಷದ ಹಿಂದಿನ ಖಂಡೇನವಮಿ ಇದೆ.

ಆ ದಿನ ಇಲ್ಲಿ ಒಂದು ಮಗ್ಗವೂ ಆಡುವುದಿಲ್ಲ. ಎಲ್ಲ ಯಂತ್ರ ನಿಲ್ಲಿಸಿ, ಒರೆಸಿ, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ ಕೈಮುಗಿಯುತ್ತಾರೆ. ಮರುದಿನ ದಸರೆಯ ಬೆಳಿಗ್ಗೆ ಮತ್ತೆ ಶುರು. ಸರ್ವರ್ ಯಂತ್ರವನ್ನು ಮಾತ್ರ ಯಾರೂ ನಿಲ್ಲಿಸುತ್ತಿರಲಿಲ್ಲ. ಆ ವರ್ಷ ಬಣ್ಣದ ಮನೆಯ ಮೇಸ್ತ್ರಿ ಅಣ್ಣಾರಾಯ ಬಾಗಿಲಲ್ಲಿ ನಿಂತು ಕೇಳಿದರು: "ಏ ಪೋರಿ, ಅದೂ ಯಂತ್ರನ ಅಲ್ಲೇನು? ಅದಕ್ಯಾಕ ಪೂಜಿ ಇಲ್ಲ?" ಅರವತ್ತು ದಾಟಿದ ಹಿರಿಯರು. ರೂಪಾಲಿಗೂ ಹೌದೆನ್ನಿಸಿತು. ನಿಲ್ಲಿಸಿದರು, ಒರೆಸಿದರು, ಹೂ ಏರಿಸಿದರು.

ಮರುದಿನ ಗುಂಡಿ ಒತ್ತಿದರೆ ಯಂತ್ರವೇನೋ ಎದ್ದಿತು. ಒಳಗಿನ ಎಂಟು ಖೋಲಿಗಳಲ್ಲಿ ಒಂದೂ ಬಾಗಿಲು ತೆರೆಯಲಿಲ್ಲ. ಆ ತಂತ್ರಾಂಶದ ಲೈಸೆನ್ಸು ಎರಡು ತಿಂಗಳ ಹಿಂದೆಯೇ ಮುಗಿದಿತ್ತು. ನಡೆಯುತ್ತಿರುವವರೆಗೆ ಅದು ಸುಮ್ಮನಿತ್ತು, ಒಮ್ಮೆ ನಿಂತ ಮೇಲೆ ಮತ್ತೆ ಏಳಲು ಬಿಡಲಿಲ್ಲ. ಎಚ್ಚರಿಕೆಯ ಪತ್ರಗಳೆಲ್ಲ ಪುಣೆಗೆ ಹೋದವನ ಹಳೆಯ ಇಮೇಲಿನಲ್ಲಿ ಕೊಳೆಯುತ್ತಿದ್ದವು. ಯಂತ್ರ ನಿಲ್ಲಿಸದವರಿಗೆ ಈ ಗತಿ ಬರುತ್ತಿರಲಿಲ್ಲ. ಪೂಜೆ ಮಾಡಿದವರಿಗೆ ಬಂತು.

ಸಾವಿರದ ನೂರ ಎಂಬತ್ತು ಬಣ್ಣಗಳ ಪಾಕ ಒಳಗೆ ಸಿಕ್ಕಿಬಿದ್ದಿತ್ತು. ಅಣ್ಣಾರಾಯರು ತಮ್ಮ ಆಯುಷ್ಯವಿಡೀ ಕಲಸಿ ಕಂಡುಕೊಂಡವು ಅವು. ಆರ್ಡರು ಕಾಯುವುದಿಲ್ಲ. ಅವರು ನೆನಪಿನಿಂದಲೇ ಮರೂನ್ ಕಲಸಿದರು. ಸಾವಿರದ ಇನ್ನೂರು ಟಾವೆಲ್ ಬದನೆಕಾಯಿ ಬಣ್ಣಕ್ಕೆ ತಿರುಗಿದವು. ಮೂರು ದಿನದ ಮೇಲೆ ಲೈಸೆನ್ಸು ಬಂತು, ಖೋಲಿಗಳು ತೆರೆದವು, ಆದರೆ ಅಣ್ಣಾರಾಯರ ಮುಖ ತೆರೆಯಲಿಲ್ಲ.

"ಕೈ ಮರತಿತ್ತು ತಂಗೀ," ಎಂದು ಅವರು ಈಗಲೂ ನನಗೆ ಹೇಳುತ್ತಾರೆ, ಕೈಯನ್ನೇ ನೋಡಿಕೊಳ್ಳುತ್ತ. "ಮದಲ ಕಣ್ಣ ಮುಚ್ಚಿ ಕಲಸತಿದ್ದೆ. ಈಗ ಎಲ್ಲಾ ಆಕಿ ಪೆಟ್ಟಿಗ್ಯಾಗ ಐತಿ. ಪೆಟ್ಟಿಗಿ ಹೋದ್ರ ನಾನೂ ಹೋದೆ."

ಆ ಬದನೆಕಾಯಿ ಟಾವೆಲುಗಳು ಇಂದಿಗೂ ಕಾರ್ಖಾನೆಯ ತುಂಬ ಇವೆ. ಕೈ ಒರೆಸಲು, ನೆಲ ಒರೆಸಲು. ಒಂದು ರೂಪಾಲಿಯ ನೋಟ್‌ಬುಕ್ಕಿಗೆ ಹೊದಿಕೆಯಾಗಿದೆ.

ಈ ವರ್ಷ ಆ ಲೈಸೆನ್ಸು ಮತ್ತೆ ಮುಗಿಯಲಿದೆ, ಹೊಸದನ್ನು ಆರಿಸಬೇಕು. ವ್ಯವಸ್ಥಾಪಕ ಮಂದಾರ ಕೆಟ್ಟವರಲ್ಲ, ಆದರೆ ಹೆದರಿದವರು. ಪರೀಕ್ಷೆಗೆ ಒಪ್ಪಿಗೆ ಕೊಟ್ಟವರೂ ಅವರೇ, ಕೈಕೈ ಹಿಸುಕಿಕೊಳ್ಳುವವರೂ ಅವರೇ. ನನ್ನ ಎದುರಿಗೇ ಇಬ್ಬರ ಮಾತು ನಡೆಯುತ್ತದೆ.

"ಹೆಸರ ಇದ್ದದ್ದ ತಗೋ ರೂಪಾಲಿ. ನಾಳಿ ಬಂದ್ ಬಿತ್ತಂದ್ರ, ಎಲ್ಲಾರೂ ಇದನ್ನ ತಗೋತಾರ ಅಂತ ಹೇಳಾಕರ ಬರತೈತಿ."

"ಹೇಳಾಕ ಬರತೈತಿ ಸರ. ಬಣ್ಣ ಹಾಕಾಕ ಬರೂದಿಲ್ಲ."

"ಬ್ಯಾರೆದ್ದು ತಗೊಂಡ್ರ ಕಾಗದದ ಮ್ಯಾಲ ನಿನ್ನ ಸಹಿ. ಎದ್ದಿಲ್ಲಂದ್ರ ಮಾಲೀಕರು ನಿನ್ನ ಮತ್ತ ಎಣಿಕಿ ಮೇಜಿಗಿ ಕಳಸತಾರ. ನಾ ಏನೂ ಮಾಡಾಕ ಬರೂದಿಲ್ಲ."

"ಎಣಸಾಕ ಬರತೈತ್ರಿ ನನಗ," ಎನ್ನುತ್ತಾರೆ ರೂಪಾಲಿ. ನಗುತ್ತಲೇ ಹೇಳುತ್ತಾರೆ. ಆದರೆ ಕೈ ನೋಟ್‌ಬುಕ್ಕನ್ನು ಗಟ್ಟಿಯಾಗಿ ಹಿಡಿದಿದೆ.

ಮಾರಲು ಬಂದವರು ಮೊದಲು ಕೇಳುವ ಪ್ರಶ್ನೆ, ಯಾವ ಕಾಲೇಜು ಎಂದು. ಈ ಪ್ರಶ್ನೆ ಕೇಳಿದರೆ ನನ್ನ ಮೈ ಉರಿಯುತ್ತದೆ. ರೂಪಾಲಿಗೆ ಉರಿಯುವುದಿಲ್ಲ. ಅವರು ತಮ್ಮ ಪ್ರಶ್ನೆ ಕೇಳುತ್ತಾರೆ: "ನಿಮ್ಮ ಯಂತ್ರದ ತಾರೀಖು ಎರಡ ವರ್ಷ ಮುಂದ ಹಾಕಿ, ವೈರ ಕಿತ್ತ ಮತ್ತ ಹಚ್ಚಿದ್ರ ಏನ ಆಗತೈತಿ?" ಬಂದವರು ಮರಾಠಿಯಲ್ಲಿ ನಗುತ್ತಾರೆ. ಹಾಗೆಲ್ಲ ಯಾರು ಮಾಡುತ್ತಾರೆ ಮ್ಯಾಡಮ್?

"ನಾವ ಮಾಡತೀವ್ರಿ. ವರ್ಷಕ್ಕೊಮ್ಮಿ."

ಒಂದೊಂದು ತಂತ್ರಾಂಶದ ಇಪ್ಪತ್ತೊಂದನೆಯ ವೈರು ಇದಕ್ಕೇ ಮೀಸಲು. ಅದಕ್ಕೆ ಅವರಿಟ್ಟ ಹೆಸರು ಖಂಡೇನವಮಿ ವೈರು. ಮೊದಲನೆಯದು ಇಪ್ಪತ್ತು ಬೆಳಗು ಎಲ್ಲರಿಗಿಂತ ಬೇಗ ಎದ್ದಿತ್ತು, ನಾಲ್ಕೇ ನಿಮಿಷ. ತಾರೀಖು ಮುಂದೆ ಹಾಕಿದ ದಿನ ಒಂದು ಖೋಲಿಯನ್ನೂ ತೆರೆಯಲಿಲ್ಲ. ಎರಡನೆಯದು ತೆರೆಯಿತು, ಆದರೆ ತಾಸಿಗೊಮ್ಮೆ ತಾನೇ ಮಲಗತೊಡಗಿತು. ಮೂರನೆಯದು ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದದ್ದು. ಅದರ ಹಿಂದೆ ಕಾರೂ ಇಲ್ಲ, ಸೂಟೂ ಇಲ್ಲ, ಕೆಟ್ಟರೆ ಬೈಯಲು ಒಂದು ಫೋನ್ ನಂಬರೂ ಇಲ್ಲ. ಒಂಬತ್ತನೆಯ ಬೆಳಗು ಅದು ಏಳಲು ಹತ್ತೊಂಬತ್ತು ನಿಮಿಷ ತೆಗೆದುಕೊಂಡಿತ್ತು. ನೋಟ್‌ಬುಕ್ಕಿನಲ್ಲಿ ಆ ಸಾಲಿನ ಮುಂದೆ ಬರೆದಿದೆ: 'ತಪ್ಪು ನಂದು. ಎಲ್ಲ ಖೋಲಿಗೆ ಒಮ್ಮೆಲೇ ಏಳಲು ಹೇಳಿದ್ದೆ. ಸಾಲು ಹಚ್ಚಬೇಕು.'

ಐದು ದಿನದ ಮೇಲೆ ಅರವತ್ಮೂರನೆಯ ವೈರು. ಮಂದಾರ ಬಂದಿದ್ದಾರೆ, ಅಣ್ಣಾರಾಯರೂ ಬಾಗಿಲಿಗೆ ಒರಗಿದ್ದಾರೆ. ರೂಪಾಲಿ ತಾರೀಖು ಮುಂದೆ ಹಾಕುತ್ತಾರೆ, ಕೀಳುತ್ತಾರೆ, ಹತ್ತು ಎಣಿಸುತ್ತಾರೆ, ಚುಚ್ಚುತ್ತಾರೆ. ಏಳನೆಯ ನಿಮಿಷಕ್ಕೆ ಬಣ್ಣದ ಖೋಲಿ ತೆರೆಯುತ್ತದೆ, ಅದರ ಬೆನ್ನಿಗೆ ಉಳಿದ ಏಳು. ಪರದೆಯ ಮೂಲೆಯಲ್ಲಿ ಸಣ್ಣದೊಂದು ಸೂಚನೆ, ನೀವು ನಮಗೆ ಚಂದಾ ಕಟ್ಟಿಲ್ಲ ಎಂದು. ಅಷ್ಟೇ.

"ನೆನಪ ಮಾಡತೈತಿ, ಬಾಗಲಾ ಹಾಕೂದಿಲ್ಲ," ಎಂದು ರೂಪಾಲಿ ಮಂದಾರರ ಕಡೆ ತಿರುಗುತ್ತಾರೆ. "ಕಾಗದಾ ತರ್ರಿ ಸರ."

ಸಹಿ ಹಾಕುವ ಮುಂಚೆ ಒಂದು ಷರತ್ತು. ಎಲ್ಲದರ ನಕಲು ದಿನವೂ ಮಧ್ಯಾಹ್ನ ಅಕ್ಕಲಕೋಟೆಯ ಗೋದಾಮಿನಲ್ಲಿರುವ ಇನ್ನೊಂದು ಯಂತ್ರಕ್ಕೆ ಹೋಗಬೇಕು. ಅದನ್ನೂ ಅವರು ನಂಬಿ ಬಿಡುವುದಿಲ್ಲ. ವಾರಕ್ಕೊಮ್ಮೆ ತಾವೇ ಹೋಗಿ, ನಕಲಿನಿಂದ ಬಣ್ಣದ ಖೋಲಿ ತೆರೆದು ನೋಡುತ್ತಾರೆ. ಗುರುವಾರ ಬಿಟ್ಟು. ಗುರುವಾರ ಸ್ವಾಮಿಗಳ ದರ್ಶನಕ್ಕೆ ಹೋಗುವ ಭಕ್ತರಿಂದ ಅಕ್ಕಲಕೋಟೆಯ ಬಸ್ಸಿನಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ.

ಮುಂದಿನ ಐದು ವಾರ ಒಂದೊಂದೇ ಖೋಲಿಯನ್ನು ಹೊಸ ಮನೆಗೆ ಸಾಗಿಸುತ್ತಾರೆ. ಬಣ್ಣದ್ದು ಕೊನೆಗೆ. ಅಷ್ಟರಲ್ಲಿ ಖಂಡೇನವಮಿ ಬರುತ್ತದೆ.

ಶೆಡ್ಡಿನ ತುಂಬ ಚೆಂಡುಹೂವು. ಅಣ್ಣಾರಾಯರು ಸರ್ವರ್ ಕೋಣೆಯ ಬಾಗಿಲಿಗೆ ಬಂದು ದನಿ ಇಳಿಸಿ ಹೇಳುತ್ತಾರೆ: "ಈ ಸಲ ಅದನ್ನ ಬಿಟ್ಟಬಿಡ ಅವ್ವಾ. ನಡೀಲಿ ಪಾಪ."

"ಯಾಕ ಬಿಡ್ಲಿ ಕಾಕಾ? ಎಲ್ಲಾ ಯಂತ್ರಕ್ಕೂ ಇವತ್ತ ಸೂಟಿ. ಇದಕ್ಕಷ್ಟ ಇಲ್ಲೇನು?"

ನಿಲ್ಲಿಸುತ್ತಾರೆ. ಒರೆಸುತ್ತಾರೆ. ಕುಂಕುಮ ಹಚ್ಚುತ್ತಾರೆ.

ದಸರೆಯ ಬೆಳಗು, ಐದೂ ಮುಕ್ಕಾಲು. ಕೋಣೆಯಲ್ಲಿ ನಾವು ನಾಲ್ವರು: ರೂಪಾಲಿ, ಮಂದಾರ, ಅಣ್ಣಾರಾಯ, ನಾನು. ರೂಪಾಲಿ ಗುಂಡಿ ಒತ್ತುತ್ತಾರೆ. ಮಂದಾರರ ಕಣ್ಣು ಗಡಿಯಾರದ ಮೇಲೆ, ಅಣ್ಣಾರಾಯರ ಕಣ್ಣು ರೂಪಾಲಿಯ ಮೇಲೆ. ಐದು ನಿಮಿಷ. ಆರು. ಆರು ನಿಮಿಷ ಮೂವತ್ತೆಂಟು ಸೆಕೆಂಡಿಗೆ ಬಣ್ಣದ ಖೋಲಿ ತೆರೆಯುತ್ತದೆ.

"ಮರೂನ್ ತಗಿ," ಎನ್ನುತ್ತಾರೆ ಅಣ್ಣಾರಾಯ.

ರೂಪಾಲಿ ತೆಗೆಯುತ್ತಾರೆ. ಅಣ್ಣಾರಾಯರು ಜೇಬಿನಿಂದ ಚಿಕ್ಕ ಡೈರಿ ಹೊರತೆಗೆದು, ಬದನೆಕಾಯಿ ಬಣ್ಣ ಬಂದ ಮೇಲೆ ಬರೆದಿಟ್ಟುಕೊಂಡ ಆ ಒಂದು ಪಾಕವನ್ನು ಗ್ರಾಮುಗ್ರಾಮಾಗಿ ತಾಳೆ ನೋಡುತ್ತಾರೆ. ಆಮೇಲೆ ಹೆಗಲ ಮೇಲಿನ ಬದನೆಕಾಯಿ ಟಾವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾರೆ, ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು. "ನಡೀರಿ, ನೀರ ಕಾದಾವ," ಎಂದು ಬಣ್ಣದ ಮನೆಯ ಕಡೆ ಹೊರಡುತ್ತಾರೆ. ಹೊರಗೆ ಭೋಂಗಾ ಕೂಗುತ್ತದೆ.

ಸಂಬಳದ ಚೀಟಿ ಇನ್ನೂ ಬದಲಾಗಿಲ್ಲ. ನಾನು ಅದನ್ನೇ ಕೆದಕಿ ಕೆದಕಿ ಕೇಳುತ್ತೇನೆ. ಸಿಟ್ಟು ಬರುವುದಿಲ್ಲವೇ? ಹೆಸರು ಬೇಡವೇ?

"ಹೆಸರ ಕೊಟ್ರ ಬ್ಯಾಡ ಅನ್ನೂದಿಲ್ರಿ," ಎನ್ನುತ್ತಾರೆ ರೂಪಾಲಿ, ನೋಟ್‌ಬುಕ್ಕಿಗೆ ಟಾವೆಲ್ ಸುತ್ತುತ್ತ. ಅದನ್ನು ಈಗ ಅವರು ಎಣಿಕೆ ಮೇಜಿನ ಶ್ರದ್ಧಾಗೆ ಓದಿಸುತ್ತಿದ್ದಾರೆ. ಶ್ರದ್ಧಾಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಹಾಗಾಗಿ ಊಟದ ಹೊತ್ತಿನಲ್ಲಿ ಮೊದಲು ಅಕ್ಷರ, ಆಮೇಲೆ ಸರ್ವರ್.

"ಮೂರ ವರ್ಷ ಆತು, ಖಂಡೇನವಮಿಗಿ ನಾ ಊರಿಗಿ ಹೋಗಿಲ್ಲ. ತಡವಳದಾಗ ನಮ್ಮಪ್ಪ ಕೂರಗಿ, ಕುಡಗೋಲು ಎಲ್ಲಾ ತೊಳದ ಇಡತಾನ, ಕುಂಕಮಾ ಹಚ್ಚಾಕ ನಾ ಬೇಕು ಅವಗ. ಬರೂ ವರ್ಷ ನಾ ಅಲ್ಲಿರಬೇಕು. ಇಲ್ಲಿ ಶ್ರದ್ಧಾ ಗುಂಡಿ ಒತ್ತಬೇಕು."

ಸ್ಕೂಟಿಗೆ ಕೀಲಿ ಹಾಕಿ ಒಂದು ಕ್ಷಣ ನಿಲ್ಲುತ್ತಾರೆ.

"ನಾ ಮುಂದ ಕುಂತಾಗ ಎದ್ರ ಅದೇನ ದೊಡ್ಡದ್ರಿ? ನಾ ಇಲ್ಲದಾಗ ಎದ್ದಿತಂದ್ರ, ಆವಾಗ ನಾ ಆರಸಿದ್ದು ಬರೋಬರಿ."