ಮೀನಿನ ತೊಟ್ಟಿಯಲ್ಲಿ ಉಪ್ಪು

ಕೆ.ಆರ್. ಪೇಟೆಯ ಗಂಡನ ಮನೆ ಬಿಟ್ಟು ಪಾಂಡವಪುರದ ತವರಿಗೆ ಬಂದ ಮೇಲೆ, ಈ ಮನೆಯಲ್ಲಿ ನನ್ನದು ಅಂತ ಹೇಳಿಕೊಳ್ಳುವ ವಸ್ತು ಒಂದೇ: ಹಜಾರದಲ್ಲಿರುವ ಗಾಜಿನ ಮೀನಿನ ತೊಟ್ಟಿ. ಮಂಚ ಅಣ್ಣನದು, ಬೀರು ಅತ್ತಿಗೆಯದು, ದೇವರ ಮನೆ ಅವ್ವನದು, ನಾನು ಮಲಗುವುದು ಅಣ್ಣನ ಮಗಳ ಕೋಣೆಯ ಮೂಲೆಯಲ್ಲಿ. ಶ್ರೀರಂಗಪಟ್ಟಣದ ಬಟ್ಟೆ ಅಂಗಡಿಯಲ್ಲಿ ದಿನವಿಡೀ ಸೀರೆ ಬಿಚ್ಚಿ, ಮಡಚಿ, ಬಸ್ಸಿನಲ್ಲಿ ನಿಂತು ಬಂದವಳು ಆ ತೊಟ್ಟಿಯ ಮುಂದೆ ಕೂತರೆ, ನಾನೂ ಈ ಮನೆಯವಳೇ ಅನ್ನಿಸುತ್ತಿತ್ತು.

ಹಳೆಯ ಗೋಲ್ಡ್‌ಫಿಷ್‌ಗಳ ಜೊತೆಗಿರಲಿ ಅಂತ ಒಂದು ಜೊತೆ ಕ್ಯಾಟ್‌ಫಿಷ್ ತಂದೆ. ಬೆರಳುದ್ದವೂ ಇಲ್ಲದ, ಮೀಸೆ ಆಡಿಸುತ್ತ ತಳದ ಕಲ್ಲು ಮೂಸಿಕೊಂಡು ಓಡಾಡುವ ಸಾಧು ಪ್ರಾಣಿಗಳು. ಅಣ್ಣ ಬಗ್ಗಿ ನೋಡಿ, “ಇವು ಒಂದ್ ತುತ್ತು ಸಾರಿಗೂ ಸಾಲಕಿಲ್ವಲ್ಲವ್ವಾ” ಅಂತ ನಕ್ಕ.

ಕೆಲವು ದಿನ ಚೆನ್ನಾಗಿಯೇ ಇದ್ದವು. ಆಮೇಲೆ ಒಂದು ಸಂಜೆ ನೋಡುತ್ತೇನೆ, ಬಾಣ ಬಿಟ್ಟ ಹಾಗೆ ಮೇಲಕ್ಕೆ ನುಗ್ಗಿ ಗಾಳಿ ಕುಡಿದು ಮತ್ತೆ ತಳಕ್ಕೆ ಬೀಳುತ್ತಿವೆ. ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತವೆ, ಸುಸ್ತಾಗಿ ಪಕ್ಕಕ್ಕೆ ವಾಲಿ ಮಲಗುತ್ತವೆ. ಗೋಲ್ಡ್‌ಫಿಷ್‌ಗಳಿಗೆ ಮಾತ್ರ ಏನೂ ಆಗಿರಲಿಲ್ಲ. ಮೀನಿನ ಅಂಗಡಿಯವನಿಗೆ ಫೋನ್ ಮಾಡಿದೆ. “ಹೊಸ ಜಾಗ ಅಲ್ವಾ ಅಕ್ಕ, ಗಾಬ್ರಿ ಬಿದ್ದವೆ. ಲೈಟ್ ಆರ್ಸಿ, ಬಚ್ಚಿಟ್ಕಳಕೆ ಏನಾರ ಇಡಿ” ಅಂದ. ಒಡೆದ ಹೂಕುಂಡದ ಚೂರು ಇಟ್ಟೆ. ನಲ್ಲಿ ನೀರು ಹಿಡಿದಿಟ್ಟು ಮಾರನೆಯ ದಿನ ಅರ್ಧ ನೀರು ಬದಲಾಯಿಸಿದೆ. ಸರಿಹೋದವು. ವಾರ ಕಳೆಯುವುದರೊಳಗೆ ಮತ್ತೆ ಅದೇ ಪಾಡು.

ಆಗ ಅಣ್ಣನ ಮಗಳಿಗೆ ಗಂಡು ನೋಡುತ್ತಿದ್ದರು. ಯಾರಾದರೂ ಹೆಣ್ಣು ನೋಡಲು ಬರುವ ದಿನ ಅತ್ತಿಗೆ ನನಗೆ ಅಂಗಡಿಗೆ ರಜೆ ಹಾಕು ಅನ್ನುತ್ತಿರಲಿಲ್ಲ. ಒಂದು ಬಸ್ಸು ತಡವಾಗಿಯೇ ಬಾ ಅನ್ನುತ್ತಿದ್ದರು. ಬಂದವರು ‘ಇವರ್ಯಾರು’ ಅಂತ ಕೇಳಿದರೆ ಉತ್ತರ ಹೇಳುವುದು ಯಾರಿಗೆ ಬೇಕಿತ್ತು! ನಾನು ಎತ್ತಿ ಆಡಿಸಿದ ಹುಡುಗಿ ಅದು. ನುಂಗಿಕೊಂಡೆ.

ಒಂದು ಕ್ಯಾಟ್‌ಫಿಷ್ ಸತ್ತಿತು. ಮತ್ತೆ ಫೋನ್ ಮಾಡಿದರೆ ಅಂಗಡಿಯವನು, “ಉಪ್ಪೇನಾರ ಹಾಕಿದ್ರಾ ಅಕ್ಕ? ಬೇರೆ ಮೀನು ತಡ್ಕತವೆ, ಇವಕ್ಕೆ ಆಗಕಿಲ್ಲ” ಅಂದ. “ತೊಟ್ಟಿಗೆ ಉಪ್ಪು ಹಾಕೋಕೆ ನಾನೇನು ಸಾರು ಮಾಡ್ತಿದ್ದೀನಾ?” ಅಂತ ರೇಗಿದೆ. ಫೋನ್ ಇಟ್ಟು, ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡೆ. ಉಪ್ಪಾಗಿತ್ತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ. ನಮ್ಮ ಮನೆಯಲ್ಲಿ ನಾದಿನಿ ಮೇಲಿನ ಕೋಪ ಮೀನಿನ ಮೇಲೆ ಅಂದುಕೊಂಡು ಅತ್ತಿಗೆಗೆ ಮನಸ್ಸಿನಲ್ಲೇ ಶಾಪ ಹಾಕಿದೆ.

ನಾಗಮಂಗಲದ ಕಡೆಯವರು ಬಂದುಹೋದ ದಿನ ನಮ್ಮ ಬಟ್ಟೆ ಅಂಗಡಿ ಬೇಗ ಮುಚ್ಚಿತ್ತು. ಹೊಸ್ತಿಲ ಹೊರಗೆ ಚಪ್ಪಲಿ ಬಿಡುತ್ತಿದ್ದೆ. ಹಜಾರದಲ್ಲಿ ಹುಡುಗಿ ಸೀರೆಯುಟ್ಟು ನಿಂತಿದ್ದಳು. ನನ್ನ ಅವ್ವ ಮುಷ್ಟಿ ತುಂಬ ಕಲ್ಲುಪ್ಪು ಹಿಡಿದು ಮೊಮ್ಮಗಳಿಗೆ ದೃಷ್ಟಿ ತೆಗೆಯುತ್ತಿದ್ದಳು.

“ಆದಿ ಕಣ್ಣು, ಬೀದಿ ಕಣ್ಣು, ಬಂದೋರ್ ಕಣ್ಣು, ನಿಂತೋರ್ ಕಣ್ಣು...” ಉಸಿರು ಎಳೆದುಕೊಂಡಳು. “ಗಂಡನ್ ಬುಟ್ಟು ಬಂದೋಳ್ ಕಣ್ಣು.”

ಹುಡುಗಿ ವಾಡಿಕೆಯಂತೆ ಆ ಮುಷ್ಟಿಗೆ ಥೂ ಥೂ ಅಂತ ಉಗಿದಳು. ಅವ್ವ ತೊಟ್ಟಿಯ ಮುಚ್ಚಳ ಸರಿಸಿ ಉಪ್ಪನ್ನು ಒಳಗೆ ಬಿಟ್ಟಳು.

“ಅವ್ವಾ!” ಅಂದೆ.

ಹುಡುಗಿ ತಲೆ ತಗ್ಗಿಸಿ ಒಳಗೆ ಹೋದಳು. ಅವ್ವ ಮಾತ್ರ ಗಾಬರಿಯಾಗಲಿಲ್ಲ. “ಮೊದ್ಲು ಒಲೆಗೆ ಆಕ್ತಿದ್ವಿ ಕಣವ್ವ. ಈಗ ಗ್ಯಾಸು. ಹರಿಯೋ ನೀರ್ಗೆ ಬುಡ್ಬೇಕು, ಅದುಕ್ಕೆ ನಾಲೆಗಂಟ ಯಾರ್ ಓಯ್ತಾರೆ? ಇಲ್ಲಿ ಯಾವಾಗ್ಲೂ ಗುಳುಗುಳು ಅಂತದೆ ನೀರು. ಯಾರೂ ತುಳಿಯಕೂ ಇಲ್ಲ.”

“ನನ್ನ ಕಣ್ಣೂ ಸೇರಿಸಿದ್ಯಲ್ಲ?”

“ನಿನ್ನೇನ್ ಬೈದ್ನಾ ನಾನು? ಎಲ್ಲಾರ ಕಣ್ಣೂ ಸೇರಿಸ್ಬೇಕು. ಒಬ್ರುನ್ ಬುಟ್ರೂ ದೃಷ್ಟಿ ಓಗಕಿಲ್ಲ.”

ಹೆತ್ತವಳು. ಅವಳ ಮುಖದಲ್ಲಿ ದ್ವೇಷವೇನಾದರೂ ಇದ್ದಿದ್ದರೆ ನಾಲ್ಕು ಮಾತು ಜಗಳವಾಡಿ ಹಗುರಾಗುತ್ತಿದ್ದೆ. ಅಡುಗೆಗೆ ಒಗ್ಗರಣೆ ಹಾಕಿ ಕೈ ಒರೆಸಿಕೊಂಡಷ್ಟೇ ಸಲೀಸಾಗಿ ಸೆರಗಿಗೆ ಕೈ ಒರೆಸಿಕೊಂಡು ಹೋದಳು.

ಉಳಿದ ಒಂದು ಕ್ಯಾಟ್‌ಫಿಷನ್ನು ಹಿಡಿದಿಟ್ಟ ನೀರಿನ ಬಕೆಟ್ಟಿಗೆ ಬಿಟ್ಟು, ತೊಟ್ಟಿಯ ನೀರನ್ನು ದಿನಾ ಸ್ವಲ್ಪ ಸ್ವಲ್ಪ ಬದಲಾಯಿಸಿದೆ. ಅದು ಬದುಕಿಕೊಂಡಿತು, ತಳ ಮೂಸಿಕೊಂಡು ಓಡಾಡುತ್ತಿದೆ. ಉಪ್ಪಿಗೆ ಮೀನು ಸಾಯುತ್ತವೆ ಅಂದಿದ್ದಕ್ಕೆ ಅವ್ವ ಈಗ ಅದನ್ನು ಚೊಂಬಿನ ನೀರಿನಲ್ಲಿ ಕರಗಿಸಿ ಬಚ್ಚಲಿಗೆ ಸುರಿಯುತ್ತಾಳೆ. ಬಾಯಲ್ಲಿ ಏನು ಹೇಳುತ್ತಾಳೋ, ನಾನು ಆ ಹೊತ್ತಿಗೆ ಹಿತ್ತಲಿಗೆ ಹೋಗಿಬಿಡುತ್ತೇನೆ.

ಮೊನ್ನೆ ಹುಡುಗಿಗೆ ಸಂಬಂಧ ಕುದುರಿತು. ನಾನೇ ಅಂಗಡಿಯಲ್ಲಿ ಆರಿಸಿ ತಂದ ಸೀರೆ ಉಟ್ಟುಕೊಂಡು ಬಂದು, ನನ್ನ ಬೆನ್ನ ಹಿಂದೆ ನಿಂತು, “ಎಂಗದೆ ಅತ್ತೆ?” ಅಂದಳು. ತೊಟ್ಟಿಯ ಗಾಜು ಒರೆಸುತ್ತಿದ್ದೆ. ತಿರುಗದೆಯೇ, “ಚೆನ್ನಾಗದೆ ಕಣವ್ವ” ಅಂದೆ.

ನೋಡದೇ ಹೇಳ್ತಿದ್ದೀಯಲ್ಲ ಅಂತ ಅವಳೂ ಕೇಳಲಿಲ್ಲ.