ಚಂದಮ್ಮನ ನಾಲ್ಕು ಮೊಳ ನೆಲ

ಕಲಬುರಗಿ ಶಹರ ಚಂದಮ್ಮನಿಗೆ ನಾಲ್ಕು ಮೊಳ ನೆಲ ಬಾಕಿ ಇಟ್ಟುಕೊಂಡಿದೆ. ರೊಕ್ಕವಾಗಿದ್ದರೆ ಎಂದೋ ಮುಳುಗಿತು ಎಂದು ಕೈತೊಳೆದುಕೊಳ್ಳಬಹುದಿತ್ತು. ನೆಲ ಎಲ್ಲಿಗೂ ಹೋಗುವುದಿಲ್ಲ. ಮೋಮಿನಪುರಕ್ಕೆ ತಿರುಗುವ ಬೀದಿಯಲ್ಲಿ, ಜಗದೇವಪ್ಪನ ಬಟ್ಟೆ ಅಂಗಡಿಯ ಮುಂದೆ ಅದು ಇನ್ನೂ ಬಿದ್ದಿದೆ. ನೀವೂ ಅದನ್ನು ತುಳಿದಿರಬಹುದು.

ಚಂದಮ್ಮ ಕಮಲಾಪುರದವಳು. ಅಲ್ಲಿಯ ಕೆಂಪು ಬಾಳೆಹಣ್ಣನ್ನು ಬುಟ್ಟಿ ತುಂಬ ಹೊತ್ತು ಮೊದಲ ಬಸ್ಸಿಗೆ ಶಹರಕ್ಕೆ ಬರುವುದು, ಸಂಜೆ ಖಾಲಿ ಬುಟ್ಟಿಯ ಜೊತೆ ಹಿಂದಿರುಗುವುದು, ಇದೇ ಬದುಕು. ಗಂಡ ಇದ್ದಾಗಲೂ ಅದೇ, ಸತ್ತ ಮೇಲೂ ಅದೇ. ಬಾಯಿ ಜೋರು. ಕಂಡಕ್ಟರ್ ಬುಟ್ಟಿಗೂ ಟಿಕೆಟ್ ಕೇಳಿದರೆ, "ಬುಟ್ಟಿಗಿ ಸೀಟ್ ಕೊಡು, ಟಿಕೀಟ್ ತಗೋ" ಎನ್ನುವವಳು.

ಆ ಬೀದಿಯಲ್ಲಿ ನೆಲದ ಮೇಲೆ ಕೂತು ಮಾರುವ ಹೆಂಗಸರದ್ದೊಂದು ಕಟ್ಟಳೆ ಇದೆ. ಯಾರೂ ಬರೆದಿಟ್ಟದ್ದಲ್ಲ. ಒಬ್ಬಳು ನಡುವೆ ಏಳಬೇಕಾಗಿ ಬಂದರೆ, ಹಾಸಿದ ಗೋಣಿಚೀಲವನ್ನು ಹಾಗೇ ಬಿಟ್ಟು ಅದರ ಮೇಲೆ ತನ್ನ ಮಾಲಿನದೇ ಒಂದಿಷ್ಟು ಇಟ್ಟು ಹೋಗಬೇಕು. ಮೆಣಸಿನಕಾಯಿಯವಳಾದರೆ ಒಂದು ಹಿಡಿ, ಬಾಳೆಯವಳಾದರೆ ಒಂದು ಹಣ್ಣು. ಅದು ಅಲ್ಲಿರುವ ತನಕ ಜಾಗ ಆಕೆಯದು. ಪಕ್ಕದವಳು ತನ್ನ ವ್ಯಾಪಾರ ಬಿಟ್ಟಾದರೂ ಕಾಯಬೇಕು. ದನ ಬಂದರೆ ಓಡಿಸಬೇಕು, ಕುಡುಕ ಬಂದರೆ ಬಯ್ಯಬೇಕು. ಹೆರಿಗೆಗೆ ಹೋದವಳ ಜಾಗವನ್ನೂ ಹೀಗೆ ಕಾದು ಕೊಟ್ಟಿದ್ದಾರೆ.

1998ರ ಜನವರಿಯಲ್ಲಿ ಬ್ಯಾಂಕಾಕ್ ಶಹರದಲ್ಲಿ ಬೀದಿ ವ್ಯಾಪಾರದ ಹೆಂಗಸರ ಸಭೆಯೊಂದಿತ್ತು. ಹಲವು ದೇಶದವರು ಬರುವವರಿದ್ದರು. ಕಲಬುರಗಿಯ ನಮ್ಮ ಬೀದಿ ವ್ಯಾಪಾರಿಗಳ ಸಂಘದಿಂದ ಚಂದಮ್ಮ ಹೋಗಲಿ ಎಂದು ಎಲ್ಲರೂ ಕೈ ಎತ್ತಿದರು. ಜೊತೆಗೆ ಖೂಬಾ ಪ್ಲಾಟ್ ಬಡಾವಣೆಯ ಅಮೃತ. ಕಾಲೇಜಿನಲ್ಲಿ ಪಾಠ ಹೇಳುವವಳು, ಇಂಗ್ಲಿಷ್ ಬಲ್ಲವಳು, ನಮ್ಮ ಮೆರವಣಿಗೆಗಳಲ್ಲಿ ಲಾಠಿಯ ರುಚಿಯನ್ನೂ ಬಲ್ಲವಳು.

ಚಂದಮ್ಮ ಮೊದಲು ಒಲ್ಲೆ ಎಂದಳು. ಅದಕ್ಕೆ ಕಾರಣ ಜಗದೇವಪ್ಪ. ಅವನು ಅಂಗಡಿಯ ಬಾಗಿಲಲ್ಲಿ ನಿಂತು ಇಡೀ ಬೀದಿಗೆ ಕೇಳುವಂತೆ ಹೇಳಿದ್ದ: "ಹೋಗಿ ಬಾ ಚಂದಮ್ಮ, ಇಮಾನದಾಗ ಕುಂತು ಮೆರದು ಬಾ. ನೀ ಬರೂದ್ರಾಗ ಇಲ್ಲಿ ನನ್ನ ಗಿರಾಕಿಗೋಳ ಸ್ಕೂಟರ್ ನಿಂತಿರ್ತಾವ."

ಪಕ್ಕದಲ್ಲಿ ನಿಂಬೆ, ಕೊತ್ತಂಬರಿ ಮಾರುವ ಮೋಮಿನಪುರದ ಇಮಾಮಬಿ ಬಾಯೊಳಗಿನ ಎಲೆಅಡಿಕೆ ಉಗುಳಿ ಎದ್ದಳು. "ಸೇಠಜಿ, ಆಕಿ ಗೋಣಿ ಮ್ಯಾಲ ದಿನಾ ಒಂದು ಕೆಂಪು ಕೇಳಾ ಇಡ್ತೀನಿ ನಾ. ಬರಲಿ ನಿಮ್ಮ ಸ್ಕೂಟರ್, ಗಾಲಿ ಹವಾನೇ ತೆಗೀತೀನಿ." ಆಮೇಲೆ ಚಂದಮ್ಮನ ಕಡೆ ತಿರುಗಿ, "ಜಾ ಗೇ. ಅಲ್ಲಿ ಮಂದೀನ ಹ್ಯಾಂಗ ಎಬ್ಬಿಸ್ತಾರ ನೋಡ್ಕೊಂಡು ಬಾ. ಇಲ್ಲಿಂದು ನಮಗ ಗೊತ್ತೇ ಅದ" ಎಂದಳು.

ಬುಟ್ಟಿಯ ಬದಲು ಕಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ ಹೊತ್ತು ಚಂದಮ್ಮ ವಿಮಾನ ಹತ್ತಿದಳು.

ಹೋಟೆಲಿನಲ್ಲಿ ಎತ್ತರದ ಮಹಡಿ ಸಿಕ್ಕಿತು. ಚಂದಮ್ಮನಿಗೆ ಕಲಬುರಗಿಯ ಐವಾನ್-ಎ-ಶಾಹಿ ಸರಕಾರಿ ಗೆಸ್ಟ್ ಹೌಸಿನ ಗೇಟಿನ ಹೊರಗೆ ಧರಣಿ ಕೂತು ಗೊತ್ತೇ ಹೊರತು ಇಂಥ ಕಟ್ಟಡಗಳ ಒಳಗೆ ಹೋಗಿ ಗೊತ್ತಿಲ್ಲ. ಹಾಸಿಗೆ ಹೂತುಕೊಂಡು ಹೋಗುತ್ತದೆಂದು ನೆಲಕ್ಕೆ ಮಲಗಿದಳು. "ಅಕ್ಕ, ಒಬ್ಬಾಕಿನೇ ಹೊರಗ ಹೋಗಬ್ಯಾಡ, ಕಳದು ಹೋಗ್ತಿ" ಎಂದು ಅಮೃತ ಎಚ್ಚರಿಸಿದಳು.

"ಕಳದು ಹೋಗ್ಲಾಕ ನಾ ಏನ್ ಕಿವ್ಯಾಗಿನ ಓಲೇನು?"

ಕಮಲಾಪುರದ ಮೊದಲ ಬಸ್ಸಿನ ಹೊತ್ತಿಗೆ ಅಲ್ಲೂ ಎಚ್ಚರವಾಯಿತು. ಸೆರಗಿನಲ್ಲಿ ರೊಟ್ಟಿ ಕಟ್ಟಿಕೊಂಡು ಹೊರಬಿದ್ದಳು. ಬೆಳಕು ಹರಿಯುವ ಮೊದಲೇ ಬೀದಿ ಕುದಿಯುತ್ತಿತ್ತು. ಒಲೆ ಹೊತ್ತ ಗಾಡಿಗಳು, ಒಣಮೀನಿನ ವಾಸನೆ, ಆಟೋಗಳ ಕಿರುಚಾಟ. ಕಾವಿ ತೊಟ್ಟ ಭಿಕ್ಷುಗಳು ಬರಿಗಾಲಲ್ಲಿ ಸಾಲಾಗಿ ಬಂದರು, ಹೆಂಗಸರು ಮಂಡಿಯೂರಿ ಅವರ ಪಾತ್ರೆಗೆ ಅನ್ನ ಹಾಕಿದರು. ಒಬ್ಬಳು ಬಾಳೆಹಣ್ಣನ್ನು ಕೆಂಡದ ಮೇಲೆ ಸುಡುತ್ತಿದ್ದಳು. ಚಂದಮ್ಮನಿಗೆ ತಡೆಯಲಾಗಲಿಲ್ಲ. "ಯವ್ವಾ, ಹಣ್ಣಿಗೇನು ಥಂಡಿ ಹತ್ಯಾದೇನು?" ಎಂದು ಕೇಳಿಯೇ ಬಿಟ್ಟಳು. ಆಕೆ ನಕ್ಕು ಒಂದು ಹಣ್ಣು ಕೊಟ್ಟಳು. ಇವಳು ರೊಟ್ಟಿ ಮುರಿದು ಕೊಟ್ಟಳು. ಆಕೆ ಕಚ್ಚಿ ದವಡೆ ಹಿಡಿದುಕೊಂಡಳು.

ಮುಂದೆ ಟೈ ಕಟ್ಟಿದ ಒಬ್ಬ ತರುಣ ಬ್ರೆಡ್ ಇಟ್ಟುಕೊಂಡು ನಾಚಿಕೆಯಿಂದ ನಿಂತಿದ್ದ. ಆ ವರ್ಷ ಅಲ್ಲಿ ಬ್ಯಾಂಕುಗಳು ಮುಳುಗಿ ಕಂಪನಿ ನೌಕರರು ಬೀದಿಗೆ ಬಿದ್ದಿದ್ದರಂತೆ, ಅಮೃತ ಆಮೇಲೆ ತಿಳಿಸಿದ್ದು. ಚಂದಮ್ಮನಿಗೆ ಕಂಡದ್ದು ಕೂಗಲು ಬಾರದ ಹೊಸಬ. "ಬಾಯಿ ಬಿಡೋ ತಮ್ಮ. ಬಾಯಿ ಬಿಡಲಿಲ್ಲಂದ್ರ ಮಾಲು ಕೊಳೀತದ" ಎಂದು ಬುದ್ಧಿ ಹೇಳಿ ಮುಂದೆ ನಡೆದಳು.

ಅಷ್ಟರಲ್ಲಿ ಸೀಟಿ ಕೇಳಿಸಿತು. ಭಾಷೆ ಬೇಕಾಗಲಿಲ್ಲ. ಬಿಗಿ ಬಟ್ಟೆ ತೊಟ್ಟ ಪೇದೆಗಳು ಬರುತ್ತಿದ್ದರು, ಬೀದಿ ಎದ್ದು ಓಡತೊಡಗಿತು. ಚಂದಮ್ಮನ ಕೈ ತಲೆಯನ್ನು ಕೇಳಲಿಲ್ಲ. ಎದುರಿಗಿದ್ದ ಮಲ್ಲಿಗೆ ಬುಟ್ಟಿಯನ್ನು ಎತ್ತಿ ನೆತ್ತಿಗಿಟ್ಟು ಓಡಿದಳು. ಹಿಂದಿನಿಂದ ಬುಟ್ಟಿಯ ಒಡತಿ ಅರಚುತ್ತ ಬೆನ್ನಟ್ಟಿದಳು. ಗಲ್ಲಿಯ ಮೂಲೆಯಲ್ಲಿ ಇಬ್ಬರೂ ಏದುಸಿರು ಬಿಡುತ್ತ ನಿಂತಾಗ ಚಂದಮ್ಮ ಬುಟ್ಟಿ ಇಳಿಸಿ ಮುಂದಿಟ್ಟಳು. ಒಂದು ಮಲ್ಲಿಗೆಯೂ ಉದುರಿರಲಿಲ್ಲ. ಆಕೆ ಬುಟ್ಟಿ ನೋಡಿದಳು, ಇವಳ ಸೀರೆ ನೋಡಿದಳು, ನೆಲಕ್ಕೆ ಕೂತು ಹೊಟ್ಟೆ ಹಿಡಿದು ನಕ್ಕಳು. ಹೆಸರು ಬುನ್ಮಿ ಎಂದಳು. ಚಂದಮ್ಮ ಆ ಕ್ಷಣದಿಂದಲೇ ಬುನಮ್ಮ ಎಂದು ಕರೆದಳು.

ಮರುದಿನ ಸಭೆಯವರು ಎಲ್ಲರನ್ನೂ ಕಾಲುವೆಗೆ ಕರೆದೊಯ್ದರು. ಹೆಂಗಸರು ದೋಣಿಯಲ್ಲೇ ಒಲೆ ಹೂಡಿ ಅಡುಗೆ ಮಾಡಿ ಮಾರುತ್ತಿದ್ದರು. ಉಳಿದವರು ಫೋಟೊ ಹೊಡೆಯುತ್ತಿದ್ದಾಗ ಚಂದಮ್ಮ ಅಮೃತಳ ಕಿವಿಯಲ್ಲಿ, "ಛಲೋ ಅದ ನೋಡು. ಎಬ್ಬಿಸ್ಲಾಕ ಬಂದ್ರ ಹುಟ್ಟು ಹಾಕಿ ಮುಂದ ಹೋದ್ರಾತು. ನಮ್ಮಲ್ಲಿ ನೀರು ಬ್ಯಾಸಗಿಗಿ ನಳದಾಗೇ ಇಲ್ಲ" ಎಂದಳು.

ಆ ತಮಾಷೆಯ ಹಿಂದೆಯೂ ಊರಿನ ಗೋಣಿಚೀಲ ಅವಳ ಕಣ್ಣಮುಂದಿತ್ತು. ಇಮಾಮಬಿ ಇವತ್ತು ಹಣ್ಣು ಇಟ್ಟಳೋ ಇಲ್ಲವೋ. ಜಗದೇವಪ್ಪ ಸುಮ್ಮನಿರುವ ಆಸಾಮಿಯಲ್ಲ.

ಮೂರನೆಯ ದಿನ ಬೆಳಿಗ್ಗೆ ಬುನ್ಮಿಯ ಬೀದಿಗೆ ಹೋಗುವಾಗ ಚಂದಮ್ಮ ಗಕ್ಕನೆ ನಿಂತಳು. ಅರ್ಧಕ್ಕೆ ನಿಂತ ದೊಡ್ಡ ಕಟ್ಟಡದ ಮುಂದೆ, ಕಂಬದ ಮೇಲೊಂದು ಗೊಂಬೆಮನೆ. ಅದರ ಬುಡದಲ್ಲಿ ಚಾಪೆ. ಚಾಪೆಯ ಮೇಲೆ ತಟ್ಟೆಯಲ್ಲಿ ಅನ್ನ, ಹೂವು, ಗಾಜಿನ ಲೋಟದಲ್ಲಿ ಕೆಂಪು ಶರಬತ್ತು. ಮತ್ತೆ ಒಂದು ಕೆಂಪು ಬಾಳೆಹಣ್ಣು. ಕಮಲಾಪುರದ ಮಣ್ಣಿನಲ್ಲಿ ಬಿಟ್ಟರೆ ಎಲ್ಲೂ ಆಗುವುದಿಲ್ಲ ಎಂದು ಹುಟ್ಟಿದಾಗಿನಿಂದ ಕೇಳಿದ ಹಣ್ಣು. ಹತ್ತಿರ ಒಂದು ನರಪಿಳ್ಳೆ ಇಲ್ಲ.

ಚಂದಮ್ಮನ ಲೆಕ್ಕದಲ್ಲಿ ವಿಷಯ ಸರಳವಾಗಿತ್ತು. ಯಾರೋ ಒಬ್ಬಳು ಜಾಗ ಹಿಡಿದಿಟ್ಟು ಹೋಗಿದ್ದಾಳೆ. ಪಕ್ಕದಲ್ಲಿ ಕಾಯುವವರು ಯಾರೂ ಇಲ್ಲ. ಹಾಗಾದರೆ ಬಂದವರೇ ಪಕ್ಕದವರು. ಸೆರಗು ಬಿಗಿದು ಚಾಪೆಯ ಬದಿಗೆ ಕೂತಳು.

ನಾಯಿ ಬಂತು, ಓಡಿಸಿದಳು. ಕಾಗೆ ಬಂತು, ಚಪ್ಪಲಿ ಎಸೆದಳು. ಒಬ್ಬ ಮುದುಕ ಊದುಬತ್ತಿ ಹಿಡಿದು ಬಂದು ಬಗ್ಗಿದಾಗ, "ಆಕಿ ಬರ್ತಾಳ, ನಿಂದ್ರು. ಮುಟ್ಟಬ್ಯಾಡ" ಎಂದು ಗದರಿಸಿದಳು. ಅವನು ಹೆದರಿ ದೂರದಿಂದಲೇ ಕೈಮುಗಿದು ಹೋದ. ಬಿಸಿಲು ನೆತ್ತಿಗೇರಿತು. ಅತ್ತ ಸಭೆಯಲ್ಲಿ ಆಕೆಯ ಹೆಸರು ಕೂಗಿ ಸುಸ್ತಾದರು.

ಕೊನೆಗೆ ಅಮೃತ, ಇಂಗ್ಲಿಷ್ ಬಲ್ಲ ಅಲ್ಲಿಯ ಹುಡುಗಿಯೊಬ್ಬಳನ್ನು ಕರೆದುಕೊಂಡು ಹುಡುಕುತ್ತ ಬಂದಳು. ದಾರಿಯಲ್ಲಿ ಬುನ್ಮಿಯೂ ಸೇರಿದ್ದಳು.

"ಅಕ್ಕ, ಇದೇನು ಮಾಡ್ಲಾಕತ್ತಿ?"

"ಕಾಣಸಂಗಿಲ್ಲೇನು? ಜಾಗ ಕಾಯ್ಲಾಕತ್ತೀನಿ. ಎಂಥ ಹೆಣಮಗಳವ್ವ ಇಕಿ, ಹೋದಾಕಿ ಹೊಳ್ಳಿ ಬಂದೇ ಇಲ್ಲ."

ಆ ಹುಡುಗಿಗೆ ವಿಷಯ ತಿಳಿದಾಗ ನಗು ಬಂತು. ತಡೆದುಕೊಂಡು ಅಮೃತಳಿಗೆ ವಿವರಿಸಿದಳು, ಅಮೃತ ಚಂದಮ್ಮನಿಗೆ ಹೇಳಿದಳು. ಇದು ಯಾರ ಅಂಗಡಿಯೂ ಅಲ್ಲ. ಇಲ್ಲಿ ನೆಲ ಅಗೆದು ಕಟ್ಟಡ ಕಟ್ಟುವಾಗ, ಆ ನೆಲದಲ್ಲಿ ಮೊದಲಿದ್ದ ದೈವದ ಜಾಗ ಹೋಗುತ್ತದೆ. ಅದಕ್ಕೇ ಆ ದೈವಕ್ಕೊಂದು ಪುಟ್ಟ ಮನೆ ಕಟ್ಟಿಕೊಟ್ಟು, ಹಣ್ಣು ನೀರು ಇಟ್ಟು ಸಮಾಧಾನ ಮಾಡುತ್ತಾರೆ.

ಚಂದಮ್ಮ ನಗಲಿಲ್ಲ. ಗೊಂಬೆಮನೆಯನ್ನು ಒಮ್ಮೆ, ಅದರ ಹಿಂದಿನ ಕಟ್ಟಡವನ್ನು ಒಮ್ಮೆ ನೋಡಿದಳು. "ಅಂದ್ರ ಇಲ್ಲಿ ಎಬ್ಬಿಸಿದವರಿಗಿ ಮನಿ ಕೊಡ್ತಾರ?"

"ದೈವಕ್ಕ ಅಕ್ಕ. ಮಂದಿಗಲ್ಲ."

"ಮಂದಿಗಿ ಏನ್ ಕೊಡ್ತಾರ, ಕೇಳು."

ಅಮೃತ ಹುಡುಗಿಯನ್ನು ಕೇಳಿದಳು, ಹುಡುಗಿ ಬುನ್ಮಿಯನ್ನು ಕೇಳಿದಳು. ಬುನ್ಮಿ ಎರಡು ಬೆರಳು ತುಟಿಗಿಟ್ಟು ಪೇದೆಯ ಸೀಟಿ ಊದಿ, ರಸ್ತೆಯ ಕಡೆ ಕೈ ತೋರಿಸಿದಳು.

ಅವತ್ತು ಮಧ್ಯಾಹ್ನ ಸಭೆಯಲ್ಲಿ ಚಂದಮ್ಮ ಎದ್ದು ಹೇಳಿದ್ದು ಇಷ್ಟೇ: "ನಾ ಸತ್ತು ದೆವ್ವ ಆದ ಮ್ಯಾಲ ಮನಿ ಕಟ್ಟಿ ಕೊಡಬ್ಯಾಡ್ರಿ. ಜೀವ ಇದ್ದಾಗ ಕೂಡ್ಲಾಕ ಜಾಗ ಕೊಡ್ರಿ." ಅನುವಾದವಾದ ಮೇಲೆ ಜೋರಾಗಿ ಚಪ್ಪಾಳೆ ಬಿತ್ತು. ಚಪ್ಪಾಳೆಯಿಂದ ಕಲಬುರಗಿಯಲ್ಲಿ ಒಂದು ಗೇಣು ನೆಲವೂ ಬಿಡುಗಡೆಯಾಗಲಿಲ್ಲ.

ಊರಿಗೆ ಬಂದಾಗ ಜಗದೇವಪ್ಪ ತನ್ನ ಮಾತು ಉಳಿಸಿಕೊಂಡಿದ್ದ. ಫುಟ್‌ಪಾತಿಗೆ ಸುಣ್ಣದ ಗೆರೆ, ಗೆರೆಯೊಳಗೆ ಸ್ಕೂಟರ್‌ಗಳ ಸಾಲು. ಗೋಣಿಚೀಲ ಗಟಾರದಲ್ಲಿತ್ತು. ಇಮಾಮಬಿ ಹವಾ ತೆಗೆದಿದ್ದಳು, ಅದಕ್ಕಾಗಿ ಠಾಣೆಗೂ ಹೋಗಿ ಬಂದಿದ್ದಳು. "ದಿನಾ ಕೇಳಾ ಇಟ್ಟೀನಿ ಗೇ, ಅಲ್ಲಾನ ಆಣಿ. ಅದರ ಮ್ಯಾಲೇ ಗಾಡಿ ಹತ್ತಿಸಿದ್ರು."

"ನಮ್ಮ ಕಟ್ಟಳಿ ಅವರಿಗಿ ತಿಳೀತದೇನು? ಅವರಿಗಿ ತಿಳಿಯೂದೇ ಬ್ಯಾರಿ ಅದ" ಎಂದಳು ಚಂದಮ್ಮ.

ಜಗದೇವಪ್ಪನ ಅಂಗಡಿಗೆ ವಾರದ ರಜೆ ಇದ್ದ ದಿನ ಗಟಾರದ ಬದಿಯ ಒಡಕು ಇಟ್ಟಂಗಿ ಆಯ್ದು, ತನ್ನ ಜಾಗದಲ್ಲಿ ಮೊಳದೆತ್ತರದ ಮನೆ ಕಟ್ಟಿದಳು. ಸುಣ್ಣ ಬಳಿದು, ಕುಂಕುಮ ಹಚ್ಚಿ, ಒಳಗೊಂದು ಕೆಂಪು ಬಾಳೆಹಣ್ಣು ಇಟ್ಟಳು. ಮರುದಿನ ಬೀದಿಯ ನಡೆಯೇ ಬೇರೆ. ಸ್ಕೂಟರ್‌ಗಳು ತಾವಾಗಿ ಸರಿದು ನಿಂತವು. ಗಿರಾಕಿಗಳು ಹಣೆ ಮುಟ್ಟಿಕೊಂಡರು. ಜಗದೇವಪ್ಪ ಚಪ್ಪಲಿ ಬಿಟ್ಟು ಬಂದು ಊದುಬತ್ತಿ ಹಚ್ಚಿದ. ಮನೆಯ ಪಕ್ಕ ಚಂದಮ್ಮ ಬುಟ್ಟಿ ಇಟ್ಟು ಕೂತಳು.

ಬೀದಿ ತೆರವು ಮಾಡುವ ಲಾರಿ ಬಂತು. ಇಮಾಮಬಿಯ ನಿಂಬೆ ಎತ್ತಿ ಹಾಕಿದರು, ಚಂದಮ್ಮನ ಬುಟ್ಟಿ ಎತ್ತಿ ಹಾಕಿದರು. ಇಟ್ಟಂಗಿ ಮನೆಯನ್ನು ಮಾತ್ರ ಸುತ್ತು ಹಾಕಿ ಹೋದರು.

"ಯಾವ ದೇವರಬೇ ಇದು?" ಎಂದ ಅವರಲ್ಲೊಬ್ಬ, ಕೈಮುಗಿಯುತ್ತ.

"ದೇವರಲ್ಲ. ಈ ಜಾಗದ ಮಾಲಕಿ. ನಾನೇ."

"ಛಲೋ ಆಯ್ತು. ಗುಡಿ ಇರಲಿ, ನೀ ಏಳು."

ಚಂದಮ್ಮ ಎದ್ದಳು. ಎದ್ದವಳೇ ಆ ಗುಡಿಗೆ ಎಡಗಾಲಲ್ಲಿ ಒದ್ದಳು. ಇಟ್ಟಂಗಿ ಚೆಲ್ಲಾಪಿಲ್ಲಿಯಾದವು. "ಹೇ ಚಂದಮ್ಮ, ಪಾಪ ಬರ್ತದ!" ಎಂದು ಜಗದೇವಪ್ಪ ಕಿರುಚಿದ.

"ನನ್ನ ಎಬ್ಬಿಸಿದಾಗ ಬರಲಾರದ ಪಾಪ, ಇಟ್ಟಂಗಿಗಿ ಬರ್ತದೇನ್ರೀ ಸಾವಕಾರ?" ಎಂದು ಅದೇ ಕಲ್ಲುಮಣ್ಣಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಲಾರಿಯವರು ಅವಳನ್ನು ಹೊತ್ತುಕೊಂಡೇ ಹೋಗಬೇಕಾಯಿತು. ಮರುದಿನ ಮೊದಲ ಬಸ್ಸಿಗೆ ಮತ್ತೆ ಬಂದಳು.

ಈಗಲೂ ಬರುತ್ತಾಳೆ. ಜಾಗ ಸಿಕ್ಕಿತೆಂದು ತಿಳಿಯಬೇಡಿ. ಸಿಕ್ಕ ದಿನ ಗೋಣಿ ಹಾಸುತ್ತಾಳೆ. ಸಿಗದ ದಿನ, ತನ್ನ ನಾಲ್ಕು ಮೊಳದಲ್ಲಿ ನಿಂತ ಸ್ಕೂಟರಿನ ಸೀಟಿನ ಮೇಲೆ ಒಂದು ಕೆಂಪು ಬಾಳೆಹಣ್ಣು ಇಟ್ಟು ಎದುರಿನ ಕಟ್ಟೆಯ ಮೇಲೆ ಕೂತು ಕಾಯುತ್ತಾಳೆ.

ನೀವು ಬಟ್ಟೆ ಕೊಂಡು ಹೊರಗೆ ಬಂದಾಗ ನಿಮ್ಮ ಸೀಟಿನ ಮೇಲೆ ಆ ಹಣ್ಣು ಕಂಡರೆ, ಅದು ಯಾರೋ ಮರೆತು ಹೋದದ್ದಲ್ಲ, ಪ್ರಸಾದವೂ ಅಲ್ಲ. ಕೈಮುಗಿಯಬೇಡಿ. ಗಾಡಿ ತೆಗೆಯಿರಿ.